ರೋಮಾಪುರಿಯ ಶಕುನದ ಕೋಳಿ

ಒಂದಾನೊಂದು ಊರಂತೆ. ಹೆಸರು ರೋಮಾಪುರಿ. ಸಮುದ್ರದ ಈ ದಡದಲ್ಲಿ ರೋಮಾಪುರಿ, ಆ ದಡದಲ್ಲಿ ಕಾರ್ತೇಜು ಅನ್ನೋ ಇನ್ನೊಂದು ಊರು. ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಅವರ ಹಡಗು ಕಂಡರೆ ಇವರು ಸುಡೋರು, ಇವರ ಹಡಗು ಕಂಡರೆ ಅವರು ಮುಳುಗಿಸೋರು.

ನಮ್ಮಲ್ಲಿ ಹಲ್ಲಿ ಲೊಚಗುಟ್ಟಿದರೆ ಶಕುನ ಅಂತೀವಲ್ಲ, ರೋಮಾಪುರಿಯಲ್ಲಿ ಕೋಳಿ ಶಕುನವಂತೆ. ದಂಡು ಹೊರಡೋ ಮುಂಚೆ ದೇವರ ಕೋಳಿಗಳನ್ನ ಗೂಡಿಂದ ಬಿಟ್ಟು ಮುಂದೆ ಕಾಳು ಚೆಲ್ಲೋರು. ಗಬಗಬ ತಿಂದರೆ ದೇವರು 'ಹೋಗು' ಅಂದ ಹಾಗೆ. ಮುಟ್ಟದೆ ನಿಂತರೆ 'ಬೇಡ' ಅಂದ ಹಾಗೆ. ದೇವರ ಕೋಳಿ ಏಳು. ಅವನ್ನ ಸಾಕೋನು ವಿಬಿಯ ಅಂತ, ಬಲು ಪುಕ್ಕಲ. ಗುಡುಗಿದರೆ ಕೋಳಿಗಿಂತ ಮೊದಲು ತಾನೇ ಗೂಡು ಹುಡುಕೋನು. ಹೆಂಡತಿ ತೆರ್ತಿಯ. ಎದೆಯೆತ್ತರ ಬೆಳೆದ ಇಬ್ಬರು ಗಂಡುಮಕ್ಕಳು, ಇಬ್ಬರೂ ದಂಡಿನಲ್ಲಿ.

ಒಂದು ವರ್ಷ ರೋಮಾಪುರಿಯ ದಳವಾಯಿಗೆ ಕಾರ್ತೇಜನ್ನ ಬಡಿದು ಹಾಕಬೇಕು ಅಂತ ಹುಚ್ಚು ಹಿಡೀತು. ವಿಬಿಯನನ್ನ ಕರೆಸಿದ.

"ನಾಲ್ಕನೇ ದಿನ ಶಕುನ ನೋಡ್ತೀವಿ. ಕೋಳಿ ತಿಂದರೆ ನಿನಗೆ ರೇಷ್ಮೆ ಶಾಲು. ತಿನ್ನದೆ ಹೋದರೆ ನಿನ್ನ ಚರ್ಮ ಸುಲಿಸಿ ನಗಾರಿಗೆ ಹೊದಿಸ್ತೀನಿ."

"ಒಡೆಯಾ, ತಿನ್ನಿಸೋನು ದೇವರು, ನಾನಲ್ಲ."

"ಕಾಳು ಹಾಕೋನು ನೀನೇ ತಾನೆ?"

ವಿಬಿಯ ಬಗ್ಗಿ ಕೈ ಮುಗಿದ. ಮನೆಗೆ ಬಂದ, ಯಾರಿಗೂ ಹೇಳಲಿಲ್ಲ. ಒಂದು ದಿನ ಕೋಳಿಗೆ ಕಾಳು ಹಾಕಲಿಲ್ಲ. ಎರಡು ದಿನ ಹಾಕಲಿಲ್ಲ. ಮೂರು ದಿನ ಹಾಕಲಿಲ್ಲ. ನಾಲ್ಕನೇ ದಿನ ಗೂಡು ತೆಗೆದರೆ ಏಳೂ ಕೋಳಿ ಒಂದರ ಮೇಲೊಂದು ಬಿದ್ದು ಕಾಳಿನ ಜೊತೆ ಮಣ್ಣನ್ನೂ ಕುಕ್ಕಿದವಂತೆ. ದೇವರು ಒಪ್ಪಿದ ಅಂತ ಊರೆಲ್ಲ ಕುಣೀತು. ದಂಡು ಹೊರಟಿತು, ಅದರ ಜೊತೆ ವಿಬಿಯನ ಇಬ್ಬರು ಮಕ್ಕಳೂ ಹೊರಟರು. ತಡೆಯೋಣ ಅಂದರೆ ಆ ಪುಣ್ಯಾತ್ಮನಿಗೆ ಬಾಯಿ ಬರಲಿಲ್ಲ. ಹೆಗಲ ಮೇಲೆ ಶಾಲು ಬೇರೆ ಇತ್ತಲ್ಲ!

ಕಾರ್ತೇಜಿನವರು ಆನೆ ಕಟ್ಟಿ ಕಾಳಗ ಮಾಡೋರು. ಮೊದಲ ದಿನ ದಳವಾಯಿ ಸತ್ತ. ಎರಡನೇ ದಿನ ವಿಬಿಯನ ಹಿರಿಮಗ ಸತ್ತ. ಮೂರನೇ ದಿನ ಕಿರಿಮಗ ಸತ್ತ. ಗೆದ್ದವರು ಮುನ್ನೂರು ಆನೆ ಹಡಗಿಗೆ ಹತ್ತಿಸಿಕೊಂಡು ಬಂದು ರೋಮಾಪುರಿಯ ಸುತ್ತ ಬೀಡು ಬಿಟ್ಟರು. ಎಂಟು ತಿಂಗಳು ಊರೊಳಗೆ ಒಂದು ಕಾಳು ಬರಲಿಲ್ಲ. ಜನ ಚಪ್ಪಲಿ ಚರ್ಮ ಬೇಯಿಸಿ ತಿಂದರು. ಕೋಟೆಯಾಚೆ ಆನೆ ಹೆಜ್ಜೆ ಹಾಕಿದರೆ ಒಲೆ ಮೇಲಿನ ಖಾಲಿ ಮಡಕೆ ಗಡಗಡ ಅನ್ನೋದು. ಆ ಸದ್ದು ಕೇಳಿ ಕೇಳಿ ಎಳೆ ಕೂಸುಗಳೂ ಅಳೋದು ಬಿಟ್ಟಿದ್ದವಂತೆ.

ಒಂದು ಬೆಳಿಗ್ಗೆ ಕೋಟೆ ಬಾಗಿಲು ಮುರೀತು. ಗೆದ್ದ ದೊರೆ ಗಿಸ್ಕೋ ಆನೆ ಮೇಲೆ ಕೂತು ಒಳಗೆ ಬಂದ. ಹಿಂದೆ ಸಾವಿರ ಪಂಜು, ಸಾವಿರ ಎಣ್ಣೆ ಗಡಿಗೆ. ಊರವರನ್ನೆಲ್ಲ ಬಯಲಲ್ಲಿ ಕೂಡಿಸಿ ಕೇಳಿದ, "ನಮ್ಮ ಮೇಲೆ ಏರಿ ಬರೋಕೆ ನಿಮಗೆ ಹೇಳಿದ್ದು ಯಾರು?"

"ದೇವರ ಕೋಳಿ, ಒಡೆಯಾ" ಅಂತ ಯಾರೋ ಅಂದರು.

ಗಿಸ್ಕೋ ನಕ್ಕ.

"ಹಾಗಾದರೆ ಅವನ್ನೇ ಕೇಳೋಣ. ಹೊತ್ತು ಮುಳುಗೋವಾಗ ನನ್ನ ಪಾಳೆಯದ ಗೋಧಿ ಚೆಲ್ತೀನಿ. ತಿಂದವೋ, ಊರಿಗೆ ಬೆಂಕಿ. ಮನೆ ಉಳಿಯಲ್ಲ, ಮಗು ಉಳಿಯಲ್ಲ. ತಿನ್ನಲಿಲ್ಲವೋ, ಆನೆ ತಿರುಗಿಸ್ಕೊಂಡು ಹೊರಟು ಹೋಗ್ತೀನಿ. ನಮ್ಮ ದೇವರಾಣೆ."

ಹಸಿದ ಊರಿನ ಹಸಿದ ಕೋಳಿ. ಗೋಧಿ ಕಂಡರೆ ಬಿಟ್ಟಾವೆಯೇ? ಹೆಂಗಸರು ಕೂಸುಗಳನ್ನ ಅವುಚಿಕೊಂಡು ಕುಸಿದು ಕೂತರು.

ವಿಬಿಯ ಮನೆಗೆ ಓಡಿ ಬಂದ. ಕೋಳಿಗಳೇನೋ ದೇವರ ಹೆಸರಲ್ಲಿ ಜೀವ ಉಳಿಸಿಕೊಂಡಿದ್ದವು, ಆದರೆ ಬರೀ ಮೂಳೆ ಗರಿ. ಗೂಡಿನ ಮುಂದೆ ನಿಂತು ಗಳಗಳ ಅತ್ತ.

"ಅತ್ತರೇನು ಬಂತು? ಇನ್ನು ದೇವರಿಗೆ ಬಿಟ್ಟಿದ್ದು" ಅಂದಳು ತೆರ್ತಿಯ.

"ದೇವರಿಗಲ್ಲ ಕಣೇ, ಕೋಳಿ ಹೊಟ್ಟೆಗೆ ಬಿಟ್ಟಿದ್ದು. ಹೊಟ್ಟೆ ತುಂಬಿದರೆ ತಿನ್ನಲ್ಲ. ಹಸಿದರೆ ಬಿಡಲ್ಲ."

"ಅದು ನಿನಗೆ ಹೇಗೆ ಗೊತ್ತು?"

ಆಗ ಹೇಳಿದ. ದಳವಾಯಿ ಹೆದರಿಸಿದ್ದು, ಮೂರು ದಿನ ಕಾಳು ಹಾಕದೆ ಇದ್ದದ್ದು, ಎಲ್ಲ ಹೇಳಿದ. ತೆರ್ತಿಯ ಕೂಗಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಒಂದು ಹಿಡಿ ಗೋಧಿ ತಂದಳು. ಸತ್ತ ಮಕ್ಕಳಿಗೆ ಎಡೆ ಇಡೋಕೆ ಅಂತ, ಹಸಿವಲ್ಲೂ ಮುಟ್ಟದೆ ಬಚ್ಚಿಟ್ಟಿದ್ದ ಗೋಧಿ ಅದು.

"ಇದು ಒಂದು ಕೋಳಿಗೂ ಸಾಲದು. ಮಕ್ಕಳ ಎಡೆಗೆ ಅಂತ ಹಿಡಿ ಕಾಳು ಇಟ್ಟುಕೊಂಡಿರೋ ತಾಯಂದಿರು ಊರಲ್ಲಿ ಬೇಕಾದಷ್ಟಿದ್ದಾರೆ. ಹೋಗಿ ಕೇಳು. ಯಾಕೆ ಕೇಳ್ತೀನಿ ಅಂತಲೂ ಹೇಳು. ಸುಳ್ಳು ಹೇಳಿ ತಂದ ಕಾಳು ನನ್ನ ಹೊಸ್ತಿಲು ದಾಟಬಾರದು."

ಮುನ್ನೂರು ಆನೆಗಿಂತ ಒಂದು ಮುಚ್ಚಿದ ಬಾಗಿಲು ಹೆಚ್ಚು ಹೆದರಿಕೆ ಹುಟ್ಟಿಸ್ತದೆ ಅಂತ ವಿಬಿಯನಿಗೆ ಆವತ್ತು ಗೊತ್ತಾಯ್ತಂತೆ. ಮೊದಲ ಬಾಗಿಲು ತಟ್ಟಿದ. "ಅವ್ವಾ, ಕೋಳಿಗಳನ್ನ ನಾನೇ ಉಪವಾಸ ಕೆಡವಿದ್ದೆ. ಅದಕ್ಕೇ ತಿಂದವು. ನಿನ್ನ ಮಗನನ್ನ ಕಳಿಸಿದ್ದು ದೇವರಲ್ಲ, ನನ್ನ ಭಯ. ಈಗ ಒಂದು ಹಿಡಿ ಗೋಧಿ ಕೊಟ್ಟರೆ ಊರು ಉಳೀಬಹುದು." ಆಕೆ ಮುಖಕ್ಕೆ ಉಗಿದಳು. ಉಗಿದು ಗೋಧಿ ಕೊಟ್ಟಳು. ಎರಡನೇ ಮನೆಯಾಕೆ ಕಪಾಳಕ್ಕೆ ಬಾರಿಸಿದಳು, ಬಾರಿಸಿ ಗೋಧಿ ಕೊಟ್ಟಳು. ಮೂರನೇ ಮನೆಯಾಕೆ ಏನೂ ಮಾಡಲಿಲ್ಲ, ಸುಮ್ಮನೆ ನೋಡಿದಳು. ಉಗಿದಿದ್ದರೂ ತಡಕೊಳ್ತಿದ್ದ, ಆ ನೋಟ ತಡಕೊಳ್ಳೋಕೆ ಆಗಲಿಲ್ಲ ಅವನಿಗೆ. ಆಕೆಯೂ ಕೊಟ್ಟಳು. ಹೀಗೆ ಎಪ್ಪತ್ತು ಮನೆ.

ಹಸಿದ ಕೋಳಿಗೆ ಒಮ್ಮೆಗೇ ಸುರಿದರೆ ಸತ್ತೇ ಹೋಗ್ತದೆ. ನೀರಲ್ಲಿ ನೆನೆಸಿ ಅಷ್ಟಷ್ಟೇ ತಿನ್ನಿಸಿದ. ಕೊರಳ ಕೆಳಗಿನ ಚೀಲ ಮುಟ್ಟಿ ಮುಟ್ಟಿ ನೋಡಿದ. ಆರು ಕೋಳಿಯ ಚೀಲ ತುಂಬಿ ಗಟ್ಟಿಯಾಯ್ತು. ಏಳನೆಯದಕ್ಕೆ ಅರ್ಧ ಆಗೋವಾಗ ಗೋಧಿ ಮುಗೀತು, ಹೊತ್ತೂ ಮುಗೀತು. ಸೈನಿಕರು ಬಂದು ಗೂಡು ಎತ್ತಿಕೊಂಡು ಹೋದರು.

ಬಯಲಲ್ಲಿ ಗೋಧಿ ಚೆಲ್ಲಿದರು. ಆರು ಕೋಳಿ ಹೊರಗೆ ಬಂದು, ಗೋಧಿ ನೋಡಿ, ಮೈ ಕೊಡವಿ, ಮುದುರಿ ಕೂತವು. ಏಳನೆಯದು ಮಾತ್ರ ನಡೀತು. ಒಂದು ಹೆಜ್ಜೆ. ಎರಡು ಹೆಜ್ಜೆ. ಬಗ್ಗಿ ಒಂದು ಕಾಳು ಎತ್ತಿಕೊಳ್ತು. ಗಿಸ್ಕೋ ಕೈ ಎತ್ತಿದ. ಪಂಜು ಹೊತ್ತಿಕೊಂಡವು. ತಾಯಂದಿರು ಕೂಸುಗಳ ಕಣ್ಣು ಮುಚ್ಚಿದರು.

ಅಷ್ಟರಲ್ಲಿ ಗಿಸ್ಕೋನ ಆನೆಗೇ ಗೋಧಿ ಆಸೆ ಬಂದು ಸೊಂಡಿಲು ಚಾಚ್ತು ನೋಡಿ! ಕೋಳಿ ಬೆಚ್ಚಿ, ಕೊಕ್ಕಿನ ಕಾಳು ಕೆಡವಿ, ಕೊಕ್ಕೊಕ್ಕೊ ಅಂತ ಹಾರಿ ಗೂಡು ಸೇರ್ತು. ಆಮೇಲೆ ಎಷ್ಟು ಕರೆದರೂ ಹೊರಗೆ ಬರಲಿಲ್ಲ.

ಗಿಸ್ಕೋನ ನಗು ನಿಂತಿತು. ಎಂಟು ತಿಂಗಳು ಹಸಿದ ಊರಿನ ಕೋಳಿ ಗೋಧಿ ಒಲ್ಲೆ ಅಂತಾವಲ್ಲ, ಈ ದೇವರು ಹುಡುಗಾಟದ ದೇವರಲ್ಲ ಅಂದುಕೊಂಡ. ಈಗ ಭಯ ಅವನದಾಯ್ತು. ಚೆಲ್ಲಿದ ಗೋಧಿಯನ್ನೂ ಆಯ್ದುಕೊಳ್ಳದೆ ಮುನ್ನೂರು ಆನೆ ತಿರುಗಿಸಿಕೊಂಡು ಹೊರಟ.

ವಿಬಿಯನನ್ನ ಯಾರೂ ಕೊಲ್ಲಲಿಲ್ಲ. ತೆರ್ತಿಯ ಅವನ ಕೈಯಿಂದ ಕಾಳಿನ ಬುಟ್ಟಿ ಕಿತ್ತುಕೊಂಡಳು ಅಷ್ಟೇ. "ನೀನು ಗೂಡು ಗುಡಿಸ್ಕೊಂಡಿರು. ಕಾಳು ಹಾಕೋದು ಇನ್ನು ನಾವು."

ಅವತ್ತಿಂದ ದಿನಾ ಬೆಳಿಗ್ಗೆ ಒಬ್ಬೊಬ್ಬ ತಾಯಿ ಬಂದು ದೇವರ ಕೋಳಿಗೆ ಹೊಟ್ಟೆ ಬಿರಿಯೋ ಹಾಗೆ ಹಾಕೋಳಂತೆ. ಹೊಸ ಹೊಸ ದಳವಾಯಿಗಳು ಬಂದರು, ಮೀಸೆ ತಿರುವಿದರು, ಕಾಳು ಚೆಲ್ಲಿದರು. ಕೋಳಿ ಕಣ್ಣೆತ್ತಿಯೂ ನೋಡಲಿಲ್ಲ. ದೇವರು ಒಪ್ಪದೆ ದಂಡು ಹೊರಡೋ ಹಾಗಿಲ್ಲ. ಹಾಗಾಗಿ ಲೋಕವನ್ನೆಲ್ಲ ಕಾರ್ತೇಜು ಆಳಿತಂತೆ, ರೋಮಾಪುರಿಯ ಹೆಸರು ಯಾರೂ ಕೇಳಲಿಲ್ಲವಂತೆ. ಆದರೆ ಆ ಊರಿನ ಗಂಡುಮಕ್ಕಳೆಲ್ಲ ತಲೆ ನರೆಯೋವರೆಗೂ ಬದುಕಿದರಂತೆ.

ಅವರ ಕೋಳಿ ಅಲ್ಲಿ ಮಲಗಿತು, ನನ್ನ ಕತೆ ಇಲ್ಲಿ ಮಲಗಿತು.