ಕಂಡಿಗೆ ಕೊಟ್ಟ ಹೆಸರು

ಪೂಜ್ಯ ಬೋಧಾಶ್ರಮ ಸ್ವಾಮಿಗಳು ಕಡಲತೀರದ ಆ ಊರಿಗೆ ಬಂದಾಗ ಮಠ ಕೇಳಲಿಲ್ಲ, ಗುಡಿಸಲನ್ನೂ ಕೇಳಲಿಲ್ಲ. ಮರಳಿನ ಮೇಲೆ ಮಗುಚಿ ಹಾಕಿದ್ದ ಹಳೆಯ ದೋಣಿಯೊಂದರ ಅಡಿಯೇ ಅವರಿಗೆ ಸಾಕಾಯಿತು.

ಎದುರಿಗೇ ಕಂಡಿ. ದಡಕ್ಕೂ ಹದ್ದಿನಗುಡ್ಡವೆಂಬ ನಡುಗಡ್ಡೆಗೂ ಮಧ್ಯೆ ಇರುವ ಕಿರಿದಾದ ನೀರಿನ ದಾರಿ ಅದು. ದೋಣಿಗಳು ಕಡಲಿಗೆ ಹೋಗಲು ಬೇರೆ ದಾರಿಯಿಲ್ಲ. ಇಳಿತದ ಹೊತ್ತಿಗೆ ಅಂಚಿನ ನೀರು ಹೊರಕ್ಕೆ ಹರಿದರೆ ನಡುವಿನ ನೀರು ಒಳಕ್ಕೆ ಹರಿಯುತ್ತಿತ್ತು. ಗುಡ್ಡದ ಬುಡದ ಬಿಲದಿಂದ ಯಾರೋ ನರಳಿದಂಥ ಸದ್ದು ಬರುತ್ತಿತ್ತು. ಅಲ್ಲಿ ಮುಳುಗಿದವರ ಹೆಣ ಸಿಕ್ಕಿದ್ದೇ ಇಲ್ಲ. ಅದಕ್ಕೇ ಊರಿನಲ್ಲೊಂದು ಪದ್ಧತಿ: ಕೊನೆಗೆ ಮುಳುಗಿದವರ ಹೆಸರೇ ಕಂಡಿಗೆ, ಇನ್ನೊಬ್ಬರು ಮುಳುಗುವವರೆಗೆ. ಹೆಸರಿಲ್ಲದೆ ಬಿಟ್ಟರೆ ಅದು ತಾನೇ ಒಂದನ್ನು ಹುಡುಕಿಕೊಳ್ಳುತ್ತದೆಂಬ ಭಯ. ಮೊದಲು ತಿಮ್ಮಕ್ಕನ ಕಂಡಿ, ಆಮೇಲೆ ಕುಪ್ಪಯ್ಯನ ಕಂಡಿ, ಈಗ ನಾಲ್ಕು ವರ್ಷದಿಂದ ಜಟ್ಟಿಯ ಕಂಡಿ. ಓದಿದವರು ನಗಬಹುದು. ನಗುವವರು ಆ ಬಿಲದ ಸದ್ದು ಕೇಳಿಲ್ಲ.

ಜಟ್ಟಿಯ ತಾಯಿ ಬೀರಮ್ಮ ಒಂದು ಮಧ್ಯಾಹ್ನ ಸ್ವಾಮಿಗಳ ಮುಂದೆ ಬಂದು ಕೂತಳು. ನಮಸ್ಕಾರ ಮಾಡಲಿಲ್ಲ.

"ದೇವರು ಗೀವರು ನಂಗೆ ಬ್ಯಾಡ, ಸ್ವಾಮಿಯೋರೆ. ದಿನಾ ಬೆಳಗಾದ್ರೆ, ಜಟ್ಟಿ ಇವತ್ತು ಸಿಟ್ಟಲ್ಲಿದ್ದಾನೆ, ಜಟ್ಟಿ ಇವತ್ತು ಸುಮ್ನಿದ್ದಾನೆ ಅಂತ ಹೇಳ್ತಾರೆ. ನನ್ನ ಮಗ ಯಾರಿಗೂ ಕೆಟ್ಟದ್ದು ಮಾಡಿದವನಲ್ಲ." ದನಿ ತಗ್ಗಿಸಿದಳು. "ಹೋಗೂ ದೋಣಿ ನಾ ದಿನಾ ಎಣಿಸ್ತೆ. ಸಂಜಿಗೆ ಒಂದು ಕಮ್ಮಿ ಬರ್ಲಿ ಅಂತ ಎಣಿಸ್ತೆ. ಹಂಗಾದ್ರೆ ನನ್ನ ಮಗನ ಹೆಸರು ಬಿಡ್ತದಲ್ಲ."

ಸ್ವಾಮಿಗಳು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದಂಡ ಹಿಡಿದು ಎದ್ದು, "ದೋಣಿ ತರಿಸಿ. ಕಂಡಿಗೆ ನನ್ನ ಹೆಸರು ಕೊಡುತ್ತೇನೆ" ಎಂದರು.

ದೋಣಿ ನಡೆಸುವ ತಾಂಡೇಲ ಹೊನ್ನಯ್ಯ ಕೈಮುಗಿದು ತಡೆದ. "ಬದುಕಿದ್ದವರದ್ದು ಅದು ತಗೊಳ್ಳೂದಿಲ್ಲ, ಸ್ವಾಮಿಯೋರೆ. ಸತ್ತವರದ್ದೇ ಆಗ್ಬೇಕು."

"ಸಂನ್ಯಾಸ ಪಡೆದ ದಿನವೇ ನನ್ನ ಶ್ರಾದ್ಧ ನಾನು ಮಾಡಿಕೊಂಡಿದ್ದೇನೆ, ಹೊನ್ನಯ್ಯ. ಆ ಸತ್ತವನ ಹೆಸರು ಮೂವತ್ತು ವರ್ಷದಿಂದ ಯಾರಿಗೂ ಬೇಡವಾಗಿ ಬಿದ್ದಿದೆ."

ಇಳಿತ ಶುರುವಾಗಿತ್ತು. ಬೀರಮ್ಮನೂ ದೋಣಿ ಹತ್ತಿದಳು. ಕಂಡಿಯ ನಡುವೆ ಹುಟ್ಟು ನಿಲ್ಲಿಸಲು ಹೇಳಿ ಸ್ವಾಮಿಗಳು ಬೊಗಸೆಯಲ್ಲಿ ನೀರು ತುಂಬಿಕೊಂಡರು. ಯತಿಗಳು ನಾಲಿಗೆಯ ಮೇಲೆ ತರದ ಪೂರ್ವಾಶ್ರಮದ ಹೆಸರನ್ನು ಉಚ್ಚರಿಸಿದರು: "ನರಹರಿ."

ಬಿಲದ ನರಳಾಟ ನಿಂತಿತು.

ಮತ್ತೊಮ್ಮೆ ಹೇಳಿದರು. ಎರಡು ಕಡೆಗೆ ಹರಿಯುತ್ತಿದ್ದ ನೀರು ಬಾವಿಯ ನೀರಿನ ಹಾಗೆ ನಿಂತುಬಿಟ್ಟಿತು. ಮೂರನೆಯ ಸಲ ಅವರು ಬಾಯಿ ತೆರೆಯುವ ಮುನ್ನವೇ ಗುಡ್ಡದ ಒಳಗಿನಿಂದ ಆ ಹೆಸರು ಬಂತು. ದನಿ ಸ್ವಾಮಿಗಳದೇ, ಆದರೆ ಎಳೆಯ ಪ್ರಾಯದ್ದು. ಹೊನ್ನಯ್ಯನ ಕೈಯಿಂದ ಹುಟ್ಟು ಜಾರಿತು.

ಸ್ವಾಮಿಗಳು ಬೊಗಸೆಯ ನೀರು ಬಿಟ್ಟು, "ತೆಗೆದುಕೊಂಡಿತು. ಹೋಗೋಣ" ಎಂದರು.

ಮರುದಿನ ಹನ್ನೆರಡು ದೋಣಿಗಳು ಹೋದವು. "ನರಹರಿ ಕಂಡಿ ಸುಮ್ನಿದೆ" ಎಂದು ಯಾರೋ ಕೂಗಿದ್ದು ಬೀರಮ್ಮನಿಗೆ ಕೇಳಿಸಿತು. ಸಂಜೆ ಬಂದದ್ದು ಹನ್ನೊಂದು. ಹಾಯಿ ಹರಿದ ಹನ್ನೆರಡನೆಯ ದೋಣಿ ತಡವಾಗಿ ದಡದತ್ತ ಬಂದಾಗ, ಎದೆಮಟ್ಟದ ನೀರಿನಲ್ಲಿ ಕೈ ಚಾಚಿ ನಿಂತಿದ್ದ ಮುದುಕಿಯನ್ನು ಕಂಡು ದೋಣಿಯವನು ಬೆಚ್ಚಿದ.

"ಇಲ್ಲಿ ಯಾಕೆ ನಿಂತೀರಿ, ಅಮ್ಮಾ?"

"ಒಂದು ಕಮ್ಮಿ ಇತ್ತು, ತಮಾ" ಎಂದು ಬೀರಮ್ಮ ಅವನ ದೋಣಿಯ ಅಂಚು ಹಿಡಿದುಕೊಂಡು ಅತ್ತಳು.