ಐದು ವರ್ಷದ ಗಡುವು

ಶಿಷ್ಯ ಚನ್ನವೀರ ಕೇಳಿದ: "ಗುರುಗಳೇ, ನನ್ನ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯನ್ನು ತೆಗೆದಿದ್ದಾರೆ. ಅದರ ಜೀನ್ ಪರೀಕ್ಷೆಯ ವರದಿ ಬರಬೇಕು. ರೋಗ ಮರಳುವ ಸೂಚನೆ ಅದರಲ್ಲಿ ತಿಳಿಯುತ್ತದಂತೆ. ಅಲ್ಲಿಯವರೆಗೆ ನಿಶ್ಚಯವಾದ ಮದುವೆಯನ್ನು ನಿಲ್ಲಿಸುವುದು ಧರ್ಮವೇ?"

"ಹುಡುಗಿಗೆ ಹೇಳಿದೆಯಾ?"

"ಇಲ್ಲ. ವರದಿ ಬರಲಿ ಎಂದು."

"ಕುಳಿತುಕೋ," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬಡಗಿಯಿದ್ದ. ಅಳೆಯದೆ ಮರ ಕೊಯ್ದವನಲ್ಲ. ಮದುವೆ ನಿಶ್ಚಯವಾಗಿತ್ತು. ಮೂವತ್ತೊಂದನೆಯ ವಯಸ್ಸಿನಲ್ಲಿ ಅವನಿಗೂ ಇದೇ ರೋಗ ಬಂತು. ವೈದ್ಯರು ಗಡ್ಡೆಯನ್ನು ತೆಗೆದು ಪರೀಕ್ಷಿಸಿ ಹೇಳಿದರು: "ಗಡ್ಡೆಯ ಜೀನ್‌ನಲ್ಲಿ ಈ ಗುರುತು ಇರುವವರಲ್ಲಿ ಹಲವರಿಗೆ ಐದು ವರ್ಷದೊಳಗೆ ರೋಗ ಮರಳಿದೆ. ನಿನ್ನ ವಯಸ್ಸಿನವರನ್ನು ನಾವು ಕಂಡದ್ದು ಕಡಿಮೆ. ನಿನ್ನ ವಿಷಯ ಖಚಿತವಾಗಿ ಹೇಳಲಾರೆ."

ಬಡಗಿ ಐದು ವರ್ಷ ಎಂಬುದನ್ನು ಮಾತ್ರ ಹಿಡಿದುಕೊಂಡ. ಹುಡುಗಿಗೆ ಹೇಳಿಕಳುಹಿಸಿದ: "ಐದು ವರ್ಷ ಕಳೆಯಲಿ. ಬದುಕಿದ್ದರೆ ಬರುತ್ತೇನೆ."

ಅವಳು ಅಣ್ಣನೊಂದಿಗೆ ಅವನ ಕೆಲಸದ ಜಾಗಕ್ಕೇ ಬಂದಳು. "ಮರ ಅಳೆದು ಅಳೆದು ನನ್ನನ್ನೂ ಅಳೆದುಬಿಟ್ಟೆಯಾ? ನನ್ನ ಆಯುಷ್ಯದ ಪರೀಕ್ಷೆ ಯಾವಾಗ ಮಾಡಿಸಿದೆ?"

"ನಿನ್ನ ಒಳ್ಳೆಯದಕ್ಕೇ ಹೇಳಿದ್ದು."

"ನನ್ನ ಒಳ್ಳೆಯದು ಯಾವುದೆಂದು ನನ್ನನ್ನು ಕೇಳಬೇಕಿತ್ತು," ಎಂದು ಅವಳು ಹೊರಟುಹೋದಳು.

ಬಡಗಿ ಮಾತು ಬದಲಿಸಲಿಲ್ಲ. ಅವಳ ಊರಿನ ಕೆಲಸಗಳನ್ನು ಒಪ್ಪಲಿಲ್ಲ. ಆದರೆ ಆ ಊರಿನಿಂದ ಯಾರು ಬಂದರೂ ಕೂರಿಸಿಕೊಂಡು ಮಾತನಾಡಿಸುತ್ತಿದ್ದ. ಮಳೆ ಕೇಳುತ್ತಿದ್ದ, ಬೆಳೆ ಕೇಳುತ್ತಿದ್ದ. ಅವಳ ಹೆಸರನ್ನು ಎತ್ತುತ್ತಿರಲಿಲ್ಲ. ಅವರಾಗಿ ಎತ್ತಿಯಾರೇ ಎಂದು ಕಾಯುತ್ತಿದ್ದ. ಯಾರೂ ಎತ್ತಲಿಲ್ಲ.

ರೋಗ ಮರಳಲಿಲ್ಲ. ಐದು ವರ್ಷ ತುಂಬಿದ ಮರುದಿನವೇ ಅವಳ ತವರಿಗೆ ಹೋದ. ಅವಳು ಅಲ್ಲಿಯೇ ಇದ್ದಳು. ಎರಡನೆಯ ಹೆರಿಗೆಗೆಂದು ಗಂಡನ ಊರಿನಿಂದ ಬಂದಿದ್ದಳು.

"ಗುಣವಾಯಿತೇ?" ಎಂದು ಕೇಳಿದಳು.

"ಆಯಿತು."

"ಎರಡು ವರ್ಷ ಕಾದೆ. ನೀನು ಒಂದು ಸಲ ಬಂದು, ಹೆದರಿಕೆಯಾಗುತ್ತಿದೆ ಎಂದು ಹೇಳಿ ಹೋಗಿದ್ದರೆ ಉಳಿದ ಮೂರನ್ನೂ ಕಾಯುತ್ತಿದ್ದೆ."

ಅವಳು ಕೊಟ್ಟ ನೀರು ಕುಡಿದು ಬಡಗಿ ತನ್ನ ಊರಿಗೆ ಮರಳಿದ. ಇಂದಿಗೂ ಆರೋಗ್ಯವಾಗಿದ್ದಾನೆ. ಒಬ್ಬನೇ ಇದ್ದಾನೆ.

ಚನ್ನವೀರ ಕೇಳಿದ: "ಹಾಗಾದರೆ ಪರೀಕ್ಷೆಯಲ್ಲಿ ಕಂಡ ಗುರುತು ಸುಳ್ಳಾಯಿತೇ?"

ಗುರುಗಳು ಹೇಳಿದರು: "ಗುರುತು ಹೇಳಿದ್ದು ಅವನ ಕರುಳಿನ ವಿಷಯ, ಅವಳ ಐದು ವರ್ಷಗಳಿಗೆ ತೀರ್ಪು ಬರೆದವನು ಅವನೇ."