ನಾಲ್ಕನೆಯ ಸಲ ತಂದ ಲ್ಯಾಪ್‌ಟಾಪ್

“ಬುದ್ಧಿ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವವರಿಗೆ ಏನು ಹೇಳಬೇಕು?”

ಹೀಗೆ ಕೇಳಿದಾಗ ಶಿಷ್ಯನ ದನಿಯಲ್ಲಿ ಬೇಸರವಿತ್ತು. ಮಠಕ್ಕೆ ಬರುವವರ ಮಾತು ಕೇಳಿ ಸಮಾಧಾನ ಹೇಳುವ ಕೆಲಸವನ್ನು ಗುರುಗಳು ಆ ವರ್ಷವಷ್ಟೇ ಅವನಿಗೆ ಒಪ್ಪಿಸಿದ್ದರು. ಹಿರಿಯರೊಬ್ಬರು ದಿನವೂ ಬರುತ್ತಿದ್ದರು. ಮನಸ್ಸು ನಿಲ್ಲುವುದು ಹೇಗೆ ಎಂದು ಕೇಳುತ್ತಿದ್ದರು. ಶಿಷ್ಯ ತನಗೆ ತಿಳಿದಷ್ಟನ್ನೂ ಬಿಡಿಸಿ ಹೇಳುತ್ತಿದ್ದ. ಅವರು ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಮರುದಿನ ಬಂದು ಅದನ್ನೇ ಕೇಳುತ್ತಿದ್ದರು.

“ಹನ್ನೊಂದು ದಿನವಾಯಿತು. ನನ್ನ ಉತ್ತರದಲ್ಲಿ ತಪ್ಪಿಲ್ಲ. ಆದರೂ ಅವರ ತಲೆಗೆ ಹತ್ತುತ್ತಿಲ್ಲ. ಇನ್ನು ಬರಬೇಡಿ ಎಂದುಬಿಡಲೇ?”

ಗುರುಗಳು ಕೂತುಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬನಿದ್ದ. ಹೆಸರು ಚನ್ನವೀರ. ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವನದೊಂದು ಸಣ್ಣ ಕೋಣೆ. ಜನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕೆಟ್ಟದ್ದನ್ನು ಮೇಜಿನ ಮೇಲಿಟ್ಟು, ಯಾವಾಗ ಬರಲಿ ಎಂದು ಕೇಳಿ ಇಳಿದು ಹೋಗುತ್ತಿದ್ದರು. ಯಾರೂ ಕೂರುತ್ತಿರಲಿಲ್ಲ. ಚನ್ನವೀರನಿಗೂ ಅದೇ ಹಿತವಾಗಿತ್ತು. ಮನೆಯಲ್ಲಿ ಅವನೊಬ್ಬನೇ, ಅಂಗಡಿಯಲ್ಲೂ ಒಬ್ಬನೇ. ಅದನ್ನು ಅವನು ಒಂಟಿತನ ಎಂದು ಕರೆದಿರಲಿಲ್ಲ. ಅಭ್ಯಾಸ ಎಂದುಕೊಂಡಿದ್ದ.

ಒಂದು ಗುರುವಾರ ಮಧ್ಯಾಹ್ನ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದರು. ಹೆಸರು ಅಂಬುಜಾಕ್ಷಿ. ನಾಲ್ಕು ಬೀದಿ ಆಚೆ ಒಂದು ಬಾಡಿಗೆ ಕೋಣೆಯಲ್ಲಿ ಅವರ ವಾಸ. ಯಾವ ಯಾವುದೋ ಊರಿನ ಡಾಕ್ಟರುಗಳು, ವಕೀಲರು ಮಾತಾಡಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡಿಕೊಡುವುದು ಅವರ ಕೆಲಸ. ಎಲ್ಲವೂ ಮನೆಯಲ್ಲೇ ಕೂತು.

“ಬೆಳಗ್ಗಿನಿಂದ ಆನ್ ಆಗುತ್ತಿಲ್ಲ. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗೇ ಇರುತ್ತದೆ” ಎಂದರು.

“ಇಟ್ಟು ಹೋಗಿ. ಸಂಜೆ ಬನ್ನಿ.”

“ಪರವಾಗಿಲ್ಲ, ಕೂತಿರುತ್ತೇನೆ” ಎಂದು ಅವರು ಗೋಡೆಯ ಪಕ್ಕದ ಸ್ಟೂಲಿನ ಮೇಲಿದ್ದ ಹಳೆಯ ಕೀಬೋರ್ಡನ್ನು ಕೆಳಗಿಟ್ಟು ಕೂತೇಬಿಟ್ಟರು.

ಚನ್ನವೀರ ಮೊದಲು ಬೇರೆ ಚಾರ್ಜರ್ ಹಾಕಿ ನೋಡಿದ. ಚಾರ್ಜರಿನ ದೋಷವಲ್ಲ. ಬ್ಯಾಟರಿ ತೆಗೆದ. ಒಳಗೆ ಉಳಿದ ಕರೆಂಟು ಇಳಿದುಹೋಗಲಿ ಎಂದು ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದ. ಆಗಲೂ ಪರದೆ ಬೆಳಗಲಿಲ್ಲ. ಅಡಿಯ ಸ್ಕ್ರೂಗಳನ್ನು ಬಿಚ್ಚಿ, ರ್ಯಾಮ್ ಎಂಬ ಬೆರಳುದ್ದದ ಬಿಲ್ಲೆಯನ್ನು ಹೊರತೆಗೆದ. ಅದರ ಹೊನ್ನಿನ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿದ. ಗುಂಡಿ ಒತ್ತಿದ. ಪರದೆ ಬೆಳಗಿತು.

“ಬಂತು!” ಎಂದರು ಅಂಬುಜಾಕ್ಷಿ, ಬಸ್ಸಿನಿಂದ ತಮ್ಮವರು ಯಾರೋ ಇಳಿದದ್ದನ್ನು ಕಂಡವರ ಹಾಗೆ.

ಕೆಲಸ ನಡೆಯುವಷ್ಟು ಹೊತ್ತು ಅವರು ಮಾತಾಡಿದ್ದರು. ಡಾಕ್ಟರೊಬ್ಬರು ಮಾತಿನ ನಡುವೆ ಸೀನುತ್ತಾರಂತೆ, ಸೀನಿದ್ದಕ್ಕೆ ತಾವೇ ಕ್ಷಮೆ ಕೇಳುತ್ತಾರಂತೆ. ಇವರು ಕೋಣೆಯಲ್ಲಿ ಒಬ್ಬರೇ ಕೂತು ಪರವಾಗಿಲ್ಲ ಎನ್ನುತ್ತಾರಂತೆ. “ಬೆಳಗಿನಿಂದ ಸಂಜೆಯವರೆಗೂ ಕಿವಿಯಲ್ಲಿ ಮಾತೇ ಮಾತು ನೋಡಿ. ಅದರಲ್ಲಿ ಒಂದೂ ನನಗೆ ಹೇಳಿದ್ದಲ್ಲ” ಎಂದು ನಕ್ಕರು. ಚನ್ನವೀರ ಹ್ಞೂಂ ಎಂದ. ಆಗ ಅವನು ಕೆಳಗೆ ಬಿದ್ದ ಸ್ಕ್ರೂ ಹುಡುಕುತ್ತಿದ್ದ.

ಮೂರು ವಾರ ಕಳೆದು ಅವರು ಮತ್ತೆ ಬಂದರು. ಅದೇ ತೊಂದರೆ. ಇವನು ಬಿಚ್ಚಿದ, ಉಜ್ಜಿದ, ಕೂರಿಸಿದ. ಅದಾಗಿ ಎರಡು ವಾರಕ್ಕೆ ಮತ್ತೆ ಬಂದರು. ಬಿಲ್ಲೆ ಸಡಿಲವಾಗಿತ್ತು. ತನ್ನ ಕೈಕೆಲಸದಲ್ಲೇ ಕೊರತೆ ಇದೆಯೇನೋ ಎಂಬ ಅಳುಕು ಚನ್ನವೀರನಿಗೆ ಹತ್ತಿತು. ಕೂರಿಸಿದ್ದನ್ನು ಎರಡೆರಡು ಸಲ ಒತ್ತಿ ನೋಡಿ ಕೊಟ್ಟ.

ನಾಲ್ಕನೆಯ ಸಲ ಅವರು ಮುಂದಿನ ಗುರುವಾರವೇ ಬಂದರು. ಚನ್ನವೀರ ಲ್ಯಾಪ್‌ಟಾಪನ್ನು ಮಗುಚಿದ. ಸ್ಕ್ರೂಗಳ ತಲೆ ಗೀರಿಹೋಗಿತ್ತು. ಅವನ ಸ್ಕ್ರೂಡ್ರೈವರ್ ಹಾಗೆ ಗೀರುವುದಿಲ್ಲ. ಚಾಕುವಿನ ತುದಿಯಿಂದ ತಿರುಗಿಸಿದರೆ ಹಾಗೆ ಆಗುತ್ತದೆ. ಒಳಗಿನ ಬಿಲ್ಲೆಯನ್ನು ಯಾರೋ ಅರ್ಧ ಎತ್ತಿ ಬಿಟ್ಟಿದ್ದರು.

ಅವನು ಮೊದಲ ಬಾರಿಗೆ ತಲೆಯೆತ್ತಿ ಅವರ ಮುಖ ನೋಡಿದ.

“ಇದನ್ನು ನೀವೇ ಬಿಚ್ಚಿದ್ದೀರಿ.”

ಅವರು ಇಲ್ಲ ಎನ್ನಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

ಚನ್ನವೀರ ಕೆಟ್ಟವನಲ್ಲ. ಕೂಗಾಡಲಿಲ್ಲ. ಆದರೆ ತನ್ನ ಕೆಲಸವನ್ನು ಆಟ ಮಾಡಿಕೊಂಡರು ಎಂದು ಅವನಿಗೆ ನೋವಾಯಿತು. “ನೋಡಿ ಅಮ್ಮಾ, ಇದಕ್ಕೆ ಏನೂ ಆಗಿಲ್ಲ. ಹೀಗೆ ತರುತ್ತಿದ್ದರೆ ನಿಮ್ಮ ಹೊತ್ತೂ ಹಾಳು, ನನ್ನ ಹೊತ್ತೂ ಹಾಳು” ಎಂದ. ಒಂದು ಹಾಳೆ ತೆಗೆದುಕೊಂಡು ಎಲ್ಲವನ್ನೂ ಬರೆದ. ಚಾರ್ಜರ್ ನೋಡುವುದು, ಬ್ಯಾಟರಿ ತೆಗೆಯುವುದು, ಗುಂಡಿ ಒತ್ತಿ ಹಿಡಿಯುವುದು, ಬಿಲ್ಲೆಯನ್ನು ಉಜ್ಜುವುದು, ಯಾವ ಕಡೆ ಮುಖ ಮಾಡಿ ಕೂರಿಸುವುದು. ಅರ್ಥವಾಗಲಿ ಎಂದು ಚಿತ್ರವನ್ನೂ ಬಿಡಿಸಿದ. ತನ್ನದೇ ಒಂದು ಸ್ಕ್ರೂಡ್ರೈವರನ್ನು ಜೊತೆಗಿಟ್ಟ.

“ಇನ್ನು ನೀವು ಇಷ್ಟು ದೂರ ಬರುವುದೇ ಬೇಡ” ಎಂದ.

ಅಂಬುಜಾಕ್ಷಿ ಹಾಳೆಯನ್ನು ಪೂರ್ತಿ ಓದಿದರು. ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟರು. “ಅಕ್ಷರ ಚೆನ್ನಾಗಿದೆ” ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಒಳ್ಳೆಯ ಕೆಲಸ ಮಾಡಿದೆ ಎಂದು ಚನ್ನವೀರನಿಗೆ ಅನ್ನಿಸಿತು. ಬೇರೆಯವರಾಗಿದ್ದರೆ ಇಲ್ಲದ ದೋಷ ಹೇಳಿ ವರ್ಷಗಟ್ಟಲೆ ಅಲೆಸುತ್ತಿದ್ದರು. ತಾನು ಗುಟ್ಟನ್ನೇ ಬರೆದುಕೊಟ್ಟಿದ್ದ.

ಮುಂದಿನ ಗುರುವಾರ ಅವರು ಬರಲಿಲ್ಲ. ಅದರ ಮುಂದಿನ ಗುರುವಾರವೂ ಬರಲಿಲ್ಲ. ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ತಾನು ತಲೆಯೆತ್ತುತ್ತಿದ್ದೇನೆ ಎಂಬುದು ಚನ್ನವೀರನಿಗೆ ನಿಧಾನವಾಗಿ ತಿಳಿಯಿತು. ಬಂದವರು ಇಟ್ಟು ಹೋಗುತ್ತಿದ್ದರು. ಒಮ್ಮೆ ಒಬ್ಬನಿಗೆ “ಕೂತುಕೊಳ್ಳಿ, ಹತ್ತು ನಿಮಿಷದ ಕೆಲಸ” ಎಂದ. ಆತ ಫೋನ್ ನೋಡುತ್ತ ಬಾಗಿಲಲ್ಲೇ ನಿಂತ. ಸೀನುವ ಡಾಕ್ಟರಿಗೆ ನೆಗಡಿ ವಾಸಿಯಾಯಿತೋ ಇಲ್ಲವೋ ಎಂಬ ಯೋಚನೆ ಚನ್ನವೀರನಿಗೆ ಕೆಲಸದ ನಡುವೆ ಬರುತ್ತಿತ್ತು. ಕೇಳೋಣವೆಂದರೆ ಅವನಿಗೆ ಯಾರೂ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ದಿನ ಅಂಗಡಿಗೆ ಬೀಗ ಹಾಕಿ ನಾಲ್ಕು ಬೀದಿ ದಾಟಿ ಹೋದ. ದಾರಿಯಲ್ಲಿ ಏನು ಹೇಳಬೇಕೆಂದು ಯೋಚಿಸಿದ. ಏನೂ ಹೊಳೆಯಲಿಲ್ಲ. ಬಾಗಿಲು ತಟ್ಟಿದ.

ಅಂಬುಜಾಕ್ಷಿ ಬಾಗಿಲು ತೆರೆದರು. ಕುತ್ತಿಗೆಯಲ್ಲಿ ಹೆಡ್‌ಫೋನ್ ಇತ್ತು. ಅವನನ್ನು ಕಂಡು ಮುಖ ಅರಳಿತು. ಆಮೇಲೆ ಏನೋ ನೆನಪಾದವರಂತೆ ಹಾಗೇ ನಿಂತರು.

“ಲ್ಯಾಪ್‌ಟಾಪ್ ಆನ್ ಆಗುತ್ತಿದೆಯಾ ಎಂದು ಕೇಳಿಕೊಂಡು ಹೋಗೋಣ ಅಂತ ಬಂದೆ” ಎಂದ ಚನ್ನವೀರ. ಅವನಿಗೆ ಬರುತ್ತಿದ್ದದ್ದು ಆ ಒಂದು ಪ್ರಶ್ನೆ ಮಾತ್ರ.

“ಆಗುತ್ತಿದೆ. ಒಮ್ಮೆ ನಿಜವಾಗಿಯೂ ಕೆಟ್ಟಿತ್ತು. ನೀವು ಬರೆದುಕೊಟ್ಟ ಹಾಗೇ ಮಾಡಿದೆ, ಸರಿಹೋಯಿತು.”

ಹೆಡ್‌ಫೋನಿನೊಳಗೆ ಯಾರೋ ಸಣ್ಣಗೆ ಮಾತಾಡುತ್ತಲೇ ಇದ್ದರು.

“ಕೆಲಸ ಬಿಟ್ಟು ಬಂದಿದ್ದೀರಿ. ನಿಮ್ಮ ಹೊತ್ತು ಹಾಳಾಗುತ್ತದೆ” ಎಂದರು ಅಂಬುಜಾಕ್ಷಿ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವನು ಹೇಳಿದ್ದನ್ನು ಅವರು ನಂಬಿದ್ದರು, ಅಷ್ಟೇ.

ಹಾಳಾಗುವುದಿಲ್ಲ ಎನ್ನಬೇಕೆಂದು ಚನ್ನವೀರನಿಗೆ ತೋಚಿದಾಗ ಅವನು ತನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದ.

“ಆಕೆ ಮತ್ತೆ ಬಂದರೇ, ಬುದ್ಧಿ?”

“ಇಲ್ಲ.”

ಶಿಷ್ಯ ಇನ್ನೂ ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಗುರುಗಳೇ ಕೇಳಿದರು:

“ಹನ್ನೊಂದು ದಿನದಿಂದ ನಿನ್ನ ಹತ್ತಿರ ಬರುತ್ತಿದ್ದಾರಲ್ಲ, ಅವರ ಹೆಸರೇನು?”

ಶಿಷ್ಯ ಅದನ್ನು ಕೇಳಿಯೇ ಇರಲಿಲ್ಲ.